ಪಡಸಾಲೆಯ ಮಾತು: ಸೀರೆ ಉಟ್ಟ ಚಿತ್ರ

ಕಳೆದ ಸಂಚಿಕೆಯಲ್ಲಿ ಉಪ್ಪಿನಕಾಯಿ ಭರಣಿಗಳ ವಿಚಾರ ಬರೆದು ಮುಗಿಸುವಾಗ, ಮುಂದಿನ ಸಲ ಮಳೆಗಾಲದ ತಿಂಡಿಗಳನ್ನು ಕುರಿತು ಬರೆಯುವುದಾಗಿ ನಾವು ಮಾತು ಕೊಟ್ಟಿದ್ದೆವು. ಆ ಮಾತು ಈ ಸಲ ನಡೆಯುವ ಹಾಗಿಲ್ಲ. ಓದುಗ ಸೋದರ ಸೋದರಿಯರು ಕ್ಷಮಿಸಬೇಕು. ಕಾರಣವೇನೆಂದರೆ, ಈ ಮೂರು ತಿಂಗಳು ನಮ್ಮ ಮನೆಯಲ್ಲಿ ಒಲೆಗಿಂತ ಗೋಡೆಯೇ ಹೆಚ್ಚು ಕಾದಿತ್ತು.

ನಾವಿರುವ ಕಟ್ಟಡಕ್ಕೆ ವಯಸ್ಸಾಯಿತು. ಪುಣೆಯಲ್ಲಿ ಈಗ ಓಣಿಗೊಂದರಂತೆ ನಡೆದಿರುವ ಹಾಗೆ ನಮ್ಮದನ್ನೂ ಕೆಡವಿ ಹೊಸದಾಗಿ ಕಟ್ಟುವುದೆಂದು ಸೊಸೈಟಿಯವರು ನಿಶ್ಚಯಿಸಿದರು. ಎರಡು ತಿಂಗಳಲ್ಲಿ ಮನೆ ಖಾಲಿ ಮಾಡಬೇಕು. ಕೋಥರೂಡಿನ ಕಡೆ ಒಂದು ಬಾಡಿಗೆಯ ಮನೆ, ಅಲ್ಲಿ ಮೂರು ವರ್ಷ, ಆಮೇಲೆ ದೇವರಿಚ್ಛೆ. ಮನೆ ಬದಲಿಸುವ ಕಾಲಕ್ಕೆ ಸಂಸಾರದ ಸಾಮಾನುಗಳಿಗೆಲ್ಲ ಬಾಯಿ ಬರುತ್ತದೆ ಎಂಬುದು ಅನುಭವಿಗಳಿಗೆ ಗೊತ್ತು. ತಾಮ್ರದ ಹಂಡೆ 'ನನ್ನನ್ನೂ ಒಯ್ಯುತ್ತೀರಷ್ಟೆ?' ಎನ್ನುತ್ತದೆ. ಒನಕೆ ಮೂಲೆಯಲ್ಲಿ ನಿಂತು ನಮ್ಮ ಮುಖ ನೋಡುತ್ತದೆ. ಹಂಡೆಯದೂ ಒನಕೆಯದೂ ಒಂದೇ ದಿನದಲ್ಲಿ ಇತ್ಯರ್ಥವಾಯಿತು. ಪಡಸಾಲೆಯ ಗೋಡೆಯ ಮೇಲಿನ ಚಿತ್ರವೊಂದು ಮಾತ್ರ ಮನೆಮಂದಿಯನ್ನು ಎರಡು ಪಕ್ಷ ಮಾಡಿಬಿಟ್ಟಿತು.

ಅದು ರವಿವರ್ಮನ ಲಕ್ಷ್ಮಿ. ತಾವರೆಯ ಮೇಲೆ ನಿಂತ ದೇವಿ, ನಾಲ್ಕು ಕೈ, ಪಕ್ಕದಲ್ಲಿ ಸೊಂಡಿಲಿನಿಂದ ಮಾಲೆ ಎತ್ತಿ ಹಿಡಿದ ಆನೆ. ಕನ್ನಡ ನಾಡಿನಲ್ಲಿಯಾಗಲಿ ಮರಾಠಿ ನಾಡಿನಲ್ಲಿಯಾಗಲಿ ಇದನ್ನು ನೋಡದ ಮನೆ ಇದ್ದೀತೆ? ಆದರೆ ನಮ್ಮ ಮನೆಯ ಲಕ್ಷ್ಮಿ ಬರಿಯ ಛಾಪಿನ ಲಕ್ಷ್ಮಿಯಲ್ಲ. ಅವಳಿಗೆ ನಿಜವಾದ ಸೀರೆ ಉಡಿಸಿದೆ. ಮೈಮೇಲೆ ಬನಾರಸಿ ಜರಿಯ ತುಂಡು, ನಿರಿಗೆ ನಿರಿಗೆಯಾಗಿ ಮಡಿಸಿ ಅಂಟಿಸಿದ್ದು. ಕುಪ್ಪಸಕ್ಕೆ ಗುಳೇದಗುಡ್ಡದ ಖಣದ ಚೂರು. ಕಿರೀಟಕ್ಕೂ ತೋಳಬಂದಿಗೂ ಚಮಕಿ, ಕೊರಳಿಗೆ ಸಾಬೂದಾಣಿಯಷ್ಟು ಸಣ್ಣ ಗಾಜಿನ ಮಣಿ. ಮುಖ, ಕೈ, ಪಾದ ಇಷ್ಟು ಮಾತ್ರ ರವಿವರ್ಮನವು. ಉಳಿದದ್ದೆಲ್ಲ ನಮ್ಮ ಅತ್ತೆಯವರ ತಾಯಿಯವು. 1930ರ ದಶಕದಲ್ಲಿ ಗದಗಿನ ತಮ್ಮ ಮನೆಯಲ್ಲಿ ಆಕೆ ಕುಳಿತು ಇದನ್ನು ಮಾಡಿದರಂತೆ. 1956ರಲ್ಲಿ ಅತ್ತೆಯವರು ಮದುವೆಯಾಗಿ ಪುಣೆಗೆ ಬಂದಾಗ, ಎರಡು ಟ್ರಂಕು, ಒಂದು ಹಾಸಿಗೆಯ ಸುತ್ತು ಮತ್ತು ಈ ಚಿತ್ರ ಅವರೊಡನೆ ಗಾಡಿ ಹತ್ತಿದವು.

ನಮ್ಮ ಮೈದುನ ವ್ಯವಹಾರಸ್ಥ. ಅವನ ಪರಿಚಯದವರೊಬ್ಬರು ಹಳೆಯ ಸಾಮಾನುಗಳನ್ನು ಕೊಳ್ಳುವವರು, ಮನೆಗೆ ಬಂದು ಚಿತ್ರ ನೋಡಿ ಹೋದರು. ಮಾರನೆಯ ದಿನ ಮೈದುನ ಬಂದು ಕುಳಿತ.

"ವೈನಿ, ಆ ಮನಿಷಾ ಏನ್ ಹೇಳ್ತಾನ ಕೇಳ್ರಿ. ಈ ಜರಿ ಗಿರಿ ಎಲ್ಲಾ ನೀರಾಗ ನೆನಸಿ ತಗಸಿಬಿಟ್ರ ಒಳಗ ಅಸಲ್ ರವಿವರ್ಮಾ ಅದ. ಸ್ವಚ್ಛ ಇತ್ತಂದ್ರ ಚಲೋ ಕಿಮ್ಮತ್ ಬರ್ತದ. ಹೀಂಗs ಇಟ್ರ ಇದು ಕೆಟ್ಟದ್ದು ಅಂತ ಲೆಕ್ಕ."

ಅವನ ಮಾತನ್ನು ಅಲ್ಲಗಳೆಯಲು ನಮಗೂ ಧೈರ್ಯವಿರಲಿಲ್ಲ. ಜರಿ ಕಪ್ಪಿಟ್ಟಿದೆ. ಕೆಳಗಿನ ಅಂಚಿನಲ್ಲಿ ಹುಳ ತಿಂದ ಗುರುತಿದೆ. ಗಾಜು ಒಂದು ಮೂಲೆಯಲ್ಲಿ ಸೀಳಿದೆ. ಹೊಸ ಮನೆಯ ಗೋಡೆಗೆ ಮೊಳೆ ಹೊಡೆಯಬಾರದೆಂದು ಮಾಲೀಕರ ಕರಾರು ಬೇರೆ. ನಿಜ ಹೇಳಬೇಕೆಂದರೆ, ನಮ್ಮ ಯಜಮಾನರು ಮತ್ತು ನಾವು ಆ ರಾತ್ರಿ ಅದನ್ನು ಕೊಟ್ಟುಬಿಡುವುದೆಂದೇ ಮಾತಾಡಿಕೊಂಡೆವು.

ಮರುದಿನ ನಮ್ಮ ಮಗಳು ರಜೆಗೆ ಬಂದಳು. ಅವಳು ಚಿತ್ರಕಲೆ ಓದುತ್ತಿದ್ದಾಳೆ. ಸಂಗತಿ ಕೇಳಿದವಳೇ ಕುರ್ಚಿ ಹತ್ತಿ ಚಿತ್ರವನ್ನು ಇಳಿಸಿ ಅಜ್ಜಿಯ ಮುಂದೆ ನೆಲದ ಮೇಲೆ ಇಟ್ಟಳು.

"ಅಜ್ಜಿ, ನಿಮ್ಮವ್ವ ಮಾಡಿದ್ದು ಏನು ಗೊತ್ತದ ಏನು? ಕೊಲಾಜ್!"

"ಕಾಲೇಜ? ಆಕಿ ಎಲ್ಲಿ ಕಾಲೇಜಿಗೆ ಹೋಗಿದ್ಲವಾ, ಮೂರನೇ ಇಯತ್ತಿಗೆ ಸಾಲಿ ಬಿಡಿಸಿದ್ರು."

ಮನೆಯೆಲ್ಲ ನಕ್ಕಿತು. ಆದರೆ ಮಗಳು ಹೇಳಿದ ಶಬ್ದದ ಹಿಂದೆ ಹೋದ ನಾವು ಅನಂತರ ಹದಿನೈದು ದಿನ ಪುಸ್ತಕಗಳನ್ನು ತಿರುವಿದೆವು. ತಿಂಡಿಯ ಲೇಖನ ತಪ್ಪಿದ್ದು ಹೀಗೆ.

'ಕೊಲಾಜ್' ಎಂಬುದು ಫ್ರೆಂಚ್ ಮಾತು. ಅಂಟಿಸುವುದು ಎಂದಷ್ಟೆ ಅದರ ಅರ್ಥ. ಆಧುನಿಕ ಚಿತ್ರಕಲೆಯಲ್ಲಿ ಇದರ ಹುಟ್ಟನ್ನು 1912ನೆಯ ಇಸವಿಗೆ ಹೇಳುತ್ತಾರೆ. ಆ ವರ್ಷ ಪ್ಯಾರಿಸಿನಲ್ಲಿ ಪಿಕಾಸೊ ಒಂದು ಮೊಟ್ಟೆಯಾಕಾರದ ಸಣ್ಣ ಚಿತ್ರ ಮಾಡಿದ. ಮೇಜಿನ ಮೇಲೆ ಹಾಸುವ ಮೇಣಬಟ್ಟೆಯ ತುಂಡೊಂದನ್ನು ಚಿತ್ರದ ಮೇಲೆ ಅಂಟಿಸಿದ. ಆ ಮೇಣಬಟ್ಟೆಯ ಮೇಲೆ ಕುರ್ಚಿಯ ಬೆತ್ತದ ಹೆಣಿಗೆ ಅಚ್ಚಾಗಿತ್ತು. ಸುತ್ತಲೂ ಚೌಕಟ್ಟಿನ ಬದಲಿಗೆ ಹಗ್ಗ ಸುತ್ತಿದ. ಅದೇ ವರ್ಷ ಅವನ ಗೆಳೆಯ ಬ್ರಾಕ್ ಎಂಬವನು ಅವಿನ್ಯೋನ್ ಊರಿನ ಅಂಗಡಿಯೊಂದರಲ್ಲಿ ಮರದ ಗೆರೆಗಳನ್ನು ಅಚ್ಚು ಹಾಕಿದ ಗೋಡೆಕಾಗದವನ್ನು ಕಂಡು ಕೊಂಡು ತಂದು, ಕತ್ತರಿಸಿ, ಹಣ್ಣಿನ ತಟ್ಟೆಯ ಚಿತ್ರವೊಂದಕ್ಕೆ ಅಂಟಿಸಿದ. ಬ್ರಾಕನ ಮನೆತನ ಗೋಡೆಗೆ ಬಣ್ಣ ಹಚ್ಚುವ ಕಸುಬಿನದು. ಅವನೂ ಎಳವೆಯಲ್ಲಿ ಅದನ್ನೇ ಕಲಿತವನು. ಮರವಲ್ಲದ್ದನ್ನು ಮರದಂತೆ ತೋರಿಸುವ ಕೈಚಳಕ ಅವನಿಗೆ ಮನೆಯ ವಿದ್ಯೆ. ಕಲೆಯ ಚರಿತ್ರೆಯಲ್ಲಿ ಕಸುಬಿನವರ ಮಕ್ಕಳು ಎಷ್ಟೋ ಬಾಗಿಲು ತೆರೆದಿದ್ದಾರೆ. ಹೆಸರು ಮಾತ್ರ ಸಿದ್ಧಾಂತದವರಿಗೆ ಹೋಗುತ್ತದೆ.

ಅಂದಿನಿಂದ ಚಿತ್ರಗಳೊಳಗೆ ಬೀದಿ ನುಗ್ಗಿತು. ಪಿಕಾಸೊ ವೃತ್ತಪತ್ರಿಕೆಯ ತುಂಡುಗಳನ್ನು ಅಂಟಿಸಿದ. ಆ ತುಂಡುಗಳಲ್ಲಿ ಬಾಲ್ಕನ್ ಯುದ್ಧದ ಸುದ್ದಿಯೂ ಉಂಟು. ಜರ್ಮನಿಯ ಹ್ಯಾನೋವರಿನಲ್ಲಿ ಶ್ವಿಟರ್ಸ್ ಎಂಬಾತ ಮೊದಲ ಮಹಾಯುದ್ಧ ಮುಗಿದ ಮೇಲೆ ಹರಿದ ಟ್ರಾಮ್ ಟಿಕೇಟು, ಕಾಗದದ ಹೊದಿಕೆ, ಕಸದಲ್ಲಿ ಸಿಕ್ಕದ್ದನ್ನೆಲ್ಲ ಕೂಡಿಸಿ ಚಿತ್ರ ಮಾಡಿದ. ಎಲ್ಲವೂ ಒಡೆದುಹೋಗಿರುವಾಗ ಚೂರುಗಳಿಂದಲೇ ಮಾಡಬೇಕಷ್ಟೆ ಎಂಬುದು ಅವನ ನಿಲುವು. ನಮ್ಮ ದೇಶದಲ್ಲಿ ಅವನೀಂದ್ರನಾಥ ಠಾಕೂರರು 1930ರ ದಶಕದಲ್ಲಿ, ಮುಪ್ಪಿನ ವಯಸ್ಸಿನಲ್ಲಿ, ಮಕ್ಕಳಿಗಾಗಿ ಬರೆದ ರಾಮಾಯಣದ ಯಾತ್ರಾನಾಟಕವೊಂದರ ಹಸ್ತಪ್ರತಿಯ ಮೇಲೆಲ್ಲ ಪತ್ರಿಕೆಯ ಜಾಹೀರಾತು, ಡಬ್ಬಿಗಳ ಚೀಟಿ ಮೊದಲಾದವನ್ನು ಕತ್ತರಿಸಿ ಅಂಟಿಸಿದರು. ಅದು ಬಹುಕಾಲ ಮನೆಯೊಳಗಿನ ಆಟವೆಂದೇ ಎಣಿಕೆಯಾಗಿತ್ತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಗದಗಿನ ಮನೆಯೊಂದರಲ್ಲಿ ಮೂರನೇ ಇಯತ್ತಿಯ ಹೆಣ್ಣುಮಗಳು ಕತ್ತರಿ ಹಿಡಿದು ಕುಳಿತಿದ್ದಳು!

ಹಾಗೆಂದು ಎಲ್ಲವೂ 1912ರಲ್ಲೇ ಶುರುವಾಯಿತೆ? ಜಪಾನಿನಲ್ಲಿ ಸುಮಾರು 1112ರ ಹೊತ್ತಿಗೇ, ಅಂದರೆ ಸರಿಯಾಗಿ 800 ವರ್ಷ ಮೊದಲೇ, ಬಣ್ಣಬಣ್ಣದ ಕಾಗದಗಳನ್ನು ಹರಿದು ಜೋಡಿಸಿ ಅಂಟಿಸಿ ಅದರ ಮೇಲೆ ಕವಿತೆಗಳನ್ನು ಬರೆದ ಹೊತ್ತಗೆಗಳಿವೆ. ನಮ್ಮ ಮೈಸೂರಿನ ಚಿತ್ರಗಾರರು ಮಕ್ಕಿ ಸಫೇದದ ಉಬ್ಬುಕೆಲಸದ ಮೇಲೆ ಬಂಗಾರದ ರೇಕು ಅಂಟಿಸುತ್ತಿದ್ದರು. ತಂಜಾವೂರಿನವರು ಹರಳುಗಳನ್ನೇ ಕೂರಿಸುತ್ತಿದ್ದರು. ಹೀಗಿರಲಾಗಿ ನಮ್ಮ ಮಗಳು 'ಕೊಲಾಜ್' ಎಂದಾಗ ನಮಗೆ ಹೆಮ್ಮೆಯೂ ಆಯಿತು, ಕೊಂಚ ಸಿಟ್ಟೂ ಬಂತು. ನಮ್ಮ ಅಜ್ಜಿಯಂದಿರ ಕೆಲಸಕ್ಕೆ ಫ್ರೆಂಚರ ಸರ್ಟಿಫಿಕೇಟು ಬೇಕೆ? ಅಲ್ಲದೆ ಎರಡಕ್ಕೂ ವ್ಯತ್ಯಾಸವುಂಟು. ಪಿಕಾಸೊ ಅಂಟಿಸಿದ್ದು ನೋಡುವವನ ಕಣ್ಣಿಗೆ ಸಂಶಯ ಹುಟ್ಟಿಸುವುದಕ್ಕೆ: ಇದು ಬೆತ್ತವೊ, ಬೆತ್ತದ ಚಿತ್ರವೊ? ಗದಗಿನ ಆಕೆ ಅಂಟಿಸಿದ್ದು ಸಂಶಯ ಕಳೆಯುವುದಕ್ಕೆ. ಗುಡಿಯ ಮೂರ್ತಿಗೆ ಸೀರೆ ಉಡಿಸುವ ಹಾಗೆ ಕಾಗದದ ಮೂರ್ತಿಗೂ ಉಡಿಸಿದಳು. ಸೀರೆ ಉಟ್ಟ ಮೇಲೆ ಲಕ್ಷ್ಮಿ ಮನೆಗೆ ಬಂದ ಹಾಗೆಯೇ ಸರಿ. ಈ ಮಾತಿಗೆ ಮಗಳು ಒಪ್ಪಲಿಲ್ಲ. ಅವ್ವಾ, ಮಾಡಿದವರ ಮನಸ್ಸು ಬೇರೆ ಇರಬಹುದು, ಕೈ ಒಂದೇ ಎಂದಳು. ಆ ವಾದ ನಮ್ಮಲ್ಲಿ ಇನ್ನೂ ಮುಗಿದಿಲ್ಲ.

ಇಷ್ಟಾದ ಮೇಲೆ ನಮಗೊಂದು ಸೋಜಿಗ ತಿಳಿಯಿತು. ಚಿತ್ರದ ಕೆಳಗೆ ಜರಿಯ ಪಟ್ಟಿ ಎದ್ದ ಕಡೆ ಸಣ್ಣ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ಮಗಳು ಭೂತಗನ್ನಡಿ ಹಿಡಿದು ಓದಿದಳು: ರವಿವರ್ಮಾ ಪ್ರೆಸ್, ಕಾರ್ಲಾ, ಲೋಣಾವಳಾ. ಗದಗಿನಿಂದ ಬಂದ ಚಿತ್ರವೆಂದು ನಾವು ಎಪ್ಪತ್ತು ವರ್ಷ ನಂಬಿದ್ದ ಈ ಲಕ್ಷ್ಮಿ ಹುಟ್ಟಿದ್ದು ಪುಣೆಯ ಬಗಲಲ್ಲೇ!

ರಾಜಾ ರವಿವರ್ಮರು ಮುಂಬಯಿಯಲ್ಲಿ ಛಾಪಖಾನೆ ತೆರೆದದ್ದು 1894ರಲ್ಲಿ. ಜರ್ಮನಿಯಿಂದ ಯಂತ್ರ ಬಂತು, ಕೆಲಸ ಬಲ್ಲ ಜರ್ಮನರೂ ಬಂದರು. ಕೆಲವು ವರ್ಷಗಳಲ್ಲೇ ಮುಂಬಯಿಯಲ್ಲಿ ಪ್ಲೇಗಿನ ಹಾವಳಿ ಎದ್ದ ಕಾಲಕ್ಕೆ ಛಾಪಖಾನೆಯನ್ನು ಲೋಣಾವಳೆಯ ಹತ್ತಿರದ ಮಳವಲಿಗೆ ಸಾಗಿಸಿದರು. ಸಾಲ ಏರಿತು, ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅದನ್ನು ಶ್ಲೈಖರ್ ಎಂಬ ಜರ್ಮನ್ ತಂತ್ರಜ್ಞನಿಗೆ ಮಾರಬೇಕಾಯಿತು. ರವಿವರ್ಮರು 1906ರಲ್ಲಿ ತೀರಿಕೊಂಡರು. ಛಾಪಖಾನೆ ಮಾತ್ರ ನಡೆಯುತ್ತಲೇ ಇತ್ತು, 1970ರ ದಶಕದಲ್ಲಿ ಬೆಂಕಿಗೆ ಆಹುತಿಯಾಗುವವರೆಗೆ. ಚಲನಚಿತ್ರದ ಫಾಳ್ಕೆಯವರು ಕೂಡ ಸಿನೆಮಾಕ್ಕೆ ಕೈ ಹಚ್ಚುವ ಮುನ್ನ ಈ ಛಾಪಖಾನೆಗಾಗಿ ಕೆಲಸ ಮಾಡಿದವರು. ಭಾಜೆ, ಕಾರ್ಲೆ ಗುಹೆಗಳಿಗೆ ಹೋಗುವವರು ಪುಣೆಯಿಂದ ಲೋಣಾವಳೆಯ ಲೋಕಲ್ ಗಾಡಿ ಹಿಡಿದು ಇಳಿಯುವುದು ಇದೇ ಮಳವಲಿಯಲ್ಲಿ. ಇಲ್ಲಿಂದ 60 ಕಿಲೋಮೀಟರು ಕೂಡ ಇಲ್ಲ. ನಾವೇ ಸಂಘದ ಪ್ರವಾಸದಲ್ಲಿ ಎರಡು ಸಲ ಇಳಿದಿದ್ದೇವೆ, ಬುತ್ತಿ ಬಿಚ್ಚಿ ಉಂಡಿದ್ದೇವೆ, ಏನೂ ಅರಿಯದೆ ಮರಳಿದ್ದೇವೆ.

ಈ ಛಾಪು ಮಾಡುವ ರೀತಿಯೂ ಸಾಮಾನ್ಯದ್ದಲ್ಲ. ನಯ ಮಾಡಿದ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆಯುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಮಸಿಯ ಉರುಳೆ ಆಡಿಸಿದರೆ, ಜಿಡ್ಡಿದ್ದಲ್ಲಿ ಮಸಿ ಹಿಡಿಯುತ್ತದೆ, ನೀರಿದ್ದಲ್ಲಿ ಹಿಡಿಯುವುದಿಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಕಾಗದವನ್ನು ಒಂದರ ಮೇಲೊಂದು ಕಲ್ಲಿಗೆ ಕೂದಲೆಳೆ ತಪ್ಪದಂತೆ ಒತ್ತಬೇಕು. ಎಲ್ಲ ಮುಗಿದ ಮೇಲೆ ವಾರ್ನಿಶು. ಅಷ್ಟು ಕಲ್ಲು ಹೊತ್ತು ಮಾಡಿದ ಸೀರೆಯ ಬಣ್ಣಗಳನ್ನು ಗದಗಿನ ಗೃಹಿಣಿ ಒಂದು ತುಂಡು ಜರಿಯಿಂದ ಮುಚ್ಚಿಬಿಟ್ಟಳಲ್ಲ ಎಂದು ನಮಗೆ ನಗು ಬಂತು. ಈ ಅಲಂಕಾರ ಆಕೆಯೊಬ್ಬಳದೇ ಅಲ್ಲವೆಂದು ಮಗಳು ಹೇಳುತ್ತಾಳೆ: ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡುಗಳ ಎಷ್ಟೋ ಮನೆಗಳಲ್ಲಿ ಹೀಗೆ ಛಾಪಿನ ದೇವರಿಗೆ ಬಟ್ಟೆ ತೊಡಿಸುತ್ತಿದ್ದರು. 2023ರಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯದಲ್ಲಿ ಇಂಥವುಗಳನ್ನು ಕೂಡಿಹಾಕಿ ಕಾಪಾಡುತ್ತಿದ್ದಾರೆ. ಮೈದುನನಿಗೆ ಇದನ್ನು ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಜರಿ ಸಹಿತ ಎಷ್ಟಕ್ಕ ಹೋಗ್ತದ?" ಎಂದ. ವ್ಯವಹಾರಸ್ಥನೆಂದು ಮೊದಲೇ ಹೇಳಿದೆವಲ್ಲ.

ಈ ಚರ್ಚೆಗಳೆಲ್ಲ ನಡೆದದ್ದು ಅತ್ತೆಯವರ ಎದುರಿಗೆ. ಆದರೆ ಅವರನ್ನು ಯಾರೂ ಕೇಳಿರಲಿಲ್ಲ. ಅತ್ತೆಯವರಿಗೆ ಈಗ 88. ಕಾಚಬಿಂದು ಆಗಿ ಆರು ವರ್ಷದಿಂದ ಕಣ್ಣು ಪೂರಾ ಹೋಗಿವೆ. ಕಾಣದವರಿಗೆ ಚಿತ್ರದ ವಿಷಯ ಏನು ಕೇಳುವುದೆಂದು ನಾವೇ ತೀರ್ಮಾನಿಸಿದ್ದೆವೆಂದು ತೋರುತ್ತದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

ಸೀಳಿದ ಗಾಜು ತಾಗೀತೆಂದು ಮಗಳು ಅದನ್ನು ಬಿಡಿಸಿ ತೆಗೆದಿಟ್ಟಿದ್ದಳು. ಚಿತ್ರ ಬಯಲಾಗಿ ಚಾಪೆಯ ಮೇಲೆ ಮಲಗಿತ್ತು. ನಾವು ಅಡಿಗೆಮನೆಯಿಂದ ಬಂದಾಗ ಅತ್ತೆಯವರು ಅದರ ಮುಂದೆ ಕುಳಿತು ಎರಡೂ ಕೈಯ ಬೆರಳುಗಳನ್ನು ಅದರ ಮೇಲೆ ಆಡಿಸುತ್ತಿದ್ದರು. ರೊಟ್ಟಿ ತಟ್ಟುವಾಗ ಅಂಚು ನೋಡುತ್ತಾರಲ್ಲ, ಹಾಗೆ.

"ಇದು ಅವ್ವನ ಶಾಲೂದ ಸೆರಗು. ಇದು ನಮ್ಮ ದೊಡ್ಡವ್ವನ ಖಣ, ಒರಟ ಅದ ನೋಡು. ಇಲ್ಲಿ ಕೆಳಗ ನಾ ಹಚ್ಚಿದ್ದು, ಹೊಳಿ ಬಂದಾಗ ತೊಯ್ದಿತ್ತು."

ಹೊಳೆ ಬಂದದ್ದೆಂದರೆ 1961ರ ಜುಲೈ 12. ಪಾನಶೆತ್ ಅಣೆಕಟ್ಟು ಒಡೆದು, ಅದರ ಹೊಡೆತಕ್ಕೆ ಖಡಕವಾಸಲೆಯದೂ ಒಡೆದು, ಮುಠಾ ನದಿ ಪುಣೆಯ ಪೇಟೆಗಳಿಗೆ ನುಗ್ಗಿದ ದಿನ. ಆಗ ನಮ್ಮವರು ನಾರಾಯಣ ಪೇಟೆಯ ವಾಡೆಯೊಂದರಲ್ಲಿದ್ದರು. ಉಟ್ಟ ಬಟ್ಟೆಯಲ್ಲಿ ಎತ್ತರದ ಕಡೆ ಓಡಿದರು. ನೀರು ಇಳಿದ ಮೇಲೆ ಮರಳಿ ಬಂದು ನೋಡಿದರೆ ಟ್ರಂಕುಗಳಲ್ಲಿ ಕೆಸರು, ಹಾಸಿಗೆ ಎಲ್ಲಿಗೋ ಹೋಗಿದೆ, ಚಿತ್ರ ಮಾತ್ರ ಮೊಳೆಯಲ್ಲಿ ತೂಗುತ್ತಿತ್ತು. ಕೆಳಗಿನ ನಾಲ್ಕು ಬೆರಳಷ್ಟು ನೆಂದಿತ್ತು. ಅತ್ತೆಯವರು ತಮ್ಮ ಮದುವೆಯ ಸೀರೆಯ ಹಾಳಾದ ಅಂಚಿನಿಂದ ಆ ಭಾಗವನ್ನು ರಿಪೇರಿ ಮಾಡಿದರು. ಮೈದಾಹಿಟ್ಟಿನ ಅಂಟು ಕಾಸಿ, ಹುಳ ಹತ್ತದಿರಲೆಂದು ಅದರಲ್ಲಿ ಚಿಟಿಕೆ ಮೈಲುತುತ್ತ ಕೂಡಿಸುವುದನ್ನು ಅವ್ವ ಕಲಿಸಿದ್ದರಂತೆ. ಮೈಲುತುತ್ತ ವಿಷ, ಪುಸ್ತಕ ಕಟ್ಟುವವರು ಹಿಂದೆ ಹಾಕುತ್ತಿದ್ದರು. ಇಂದು ಯಾರೂ ಮನೆಯಲ್ಲಿ ಇದನ್ನು ಮಾಡಹೋಗಬಾರದು.

ಬೆರಳುಗಳು ಮೇಲಕ್ಕೆ ಹೋದವು. ಆನೆಯ ನೆತ್ತಿಯ ಮೇಲೆ ಒಂದು ಹಸಿರು ರೇಶ್ಮೆಯ ಚೂರು ಇದೆ, ಅಂಗೈಯ ಕಾಲು ಭಾಗದಷ್ಟು. ರವಿವರ್ಮನ ಆನೆಗೆ ಅಲ್ಲಿ ಬಟ್ಟೆಯೇನೂ ಇಲ್ಲ. ಬಣ್ಣಕ್ಕೂ ಹೊಂದುವುದಿಲ್ಲ, ಆ ಒಂದು ಚೂರು ಅಲ್ಲಿರಬಾರದಿತ್ತೆಂದು ನಮ್ಮ ಮಗಳೇ ಆ ಮುಂಜಾನೆ ಹೇಳಿದ್ದಳು. ಅತ್ತೆಯವರ ಕೈ ಅಲ್ಲಿ ನಿಂತಿತು.

"ಇದು ತಂಗೀದು," ಎಂದರು.

ಯಾವ ತಂಗಿ? ಅತ್ತೆಯವರಿಗೆ ಅಣ್ಣ ಒಬ್ಬರೇ ಎಂದು ನಮ್ಮ ಯಜಮಾನರಿಗೂ ಗೊತ್ತು, ಮೈದುನನಿಗೂ ಗೊತ್ತು. ಮೆಲ್ಲಗೆ ಕೇಳಿದೆವು. ಅತ್ತೆಯವರಿಗೆ ಮೂರು ವರ್ಷವಿದ್ದಾಗ ಒಂದು ಹೆಣ್ಣು ಕೂಸು ಹುಟ್ಟಿ ಎಂಟು ತಿಂಗಳಿಗೆ ಹೋಯಿತಂತೆ. ಅದರ ಕುಂಚಿಗೆಯ ತುಂಡು ಅದು. ಅದಕ್ಕೂ ಮೊದಲೇ ಚಿತ್ರ ಸಿದ್ಧವಾಗಿ ಗೋಡೆಗೆ ಏರಿತ್ತು. ಕೂಸು ಹೋದ ಮೇಲೆ ಒಂದು ದಿನ ಅವ್ವ ಚಿತ್ರವನ್ನು ಇಳಿಸಿ, ಕಟ್ಟು ಬಿಚ್ಚಿ, ಕುಂಚಿಗೆಯಿಂದ ಇಷ್ಟೇ ಇಷ್ಟು ಕತ್ತರಿಸಿ ಆನೆಯ ತಲೆಗೆ ಹಚ್ಚಿ ಮತ್ತೆ ಏರಿಸಿದರು. ಹೋದ ಕೂಸಿನ ಮಾತು ಮನೆಯಲ್ಲಿ ಆಡಕೂಡದೆಂದು ಹಿರಿಯರ ಕಟ್ಟಳೆ. ಆಡಲಿಲ್ಲ. ದಿನಾ ದೀಪ ಹಚ್ಚಿ ಆನೆಯ ಕಡೆ ನೋಡುತ್ತಿದ್ದರಂತೆ.

"ಅವ್ವ ನನಗ ಇದನ್ನ ಕೊಡಾಗ ಹೇಳಿದ್ಲು. ಯಾರ ಮುಂದೂ ಹೇಳಬ್ಯಾಡ ಅಂದಿದ್ಲು. ನೀವೂ ಯಾರೂ ಕೇಳಲಿಲ್ಲ."

ಮೈದುನ ಎದ್ದು ಹೊರಗೆ ಹೋದ. ಗ್ಯಾಲರಿಯಲ್ಲಿ ನಿಂತು ಬಹಳ ಹೊತ್ತು ಫೋನಿನಲ್ಲಿ ಯಾರೊಡನೆಯೊ ಮಾತಾಡಿದ. ಒಳಗೆ ಬಂದು, "ಆ ಮನಿಷಾಗ ಬ್ಯಾಡ ಅಂದೀನಿ, ವೈನಿ," ಎಂದಷ್ಟೆ ಹೇಳಿ ಚಹಾ ಕೇಳಿದ. ಇದನ್ನು ಬರೆಯಲು ಅತ್ತೆಯವರ ಅಪ್ಪಣೆ ಪಡೆದಿದ್ದೇವೆ. "ಈಗ ಕಟ್ಟಳಿ ಮಾಡಿದಾವ್ರು ಯಾರೂ ಇಲ್ಲ, ಬರೀರಿ," ಎಂದರು.

ಆ ದಿನಗಳಲ್ಲಿ ನಾವು ಓದಿದವುಗಳಲ್ಲಿ ಇಬ್ಬರು ಮನಸ್ಸಿನಲ್ಲಿ ನಿಂತರು. ಇಂಗ್ಲೆಂಡಿನ ಮೇರಿ ಡೆಲನಿ ಎಂಬ ವಿಧವೆ 1772ರಲ್ಲಿ, ತನ್ನ 72ನೆಯ ವಯಸ್ಸಿನಲ್ಲಿ, ಬಣ್ಣದ ಕಾಗದ ಕತ್ತರಿಸಿ ಕಪ್ಪು ಹಿನ್ನೆಲೆಯ ಮೇಲೆ ಹೂಗಳನ್ನು ಅಂಟಿಸಲು ಆರಂಭಿಸಿದಳು. ಒಂದೊಂದು ಎಸಳಿಗೆ ಎಷ್ಟೊಂದು ಚೂರುಗಳು! ಹತ್ತು ವರ್ಷದಲ್ಲಿ ಸಾವಿರಕ್ಕೆ ಕೆಲವೇ ಕಡಮೆ. ಕಣ್ಣು ಮಂದವಾದಾಗ ನಿಲ್ಲಿಸಿದಳು. ಅವು ಈಗ ಬ್ರಿಟಿಷ್ ಮ್ಯೂಸಿಯಮಿನಲ್ಲಿವೆ. ಇನ್ನೊಬ್ಬರು ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿ. ಎಳವೆಯಿಂದಲೇ ಅವರ ದೃಷ್ಟಿ ದುರ್ಬಲ. 1950ರ ದಶಕದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಫಲಿಸದೆ ಪೂರ್ತಿ ಕುರುಡಾದರು. ಡೆಲನಿ ನಿಲ್ಲಿಸಿದಲ್ಲಿ ಇವರು ಶುರು ಮಾಡಿದರೆನ್ನಬೇಕು: ಕುರುಡಾದ ಮೇಲೆ ಬಣ್ಣದ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು. ಕುಂಚದ ಗೆರೆ ಬೆರಳಿಗೆ ಸಿಕ್ಕುವುದಿಲ್ಲ. ಕತ್ತರಿಸಿದ ಕಾಗದಕ್ಕೆ ಅಂಚು ಉಂಟು, ಅಂಚು ಸಿಕ್ಕುತ್ತದೆ. ಅವರನ್ನು ಕುರಿತು ಶಿಷ್ಯರಾದ ಸತ್ಯಜಿತ್ ರಾಯ್ 1972ರಲ್ಲಿ ಒಂದು ಸಾಕ್ಷ್ಯಚಿತ್ರ ತೆಗೆದರು. ಮಗಳು ಅದನ್ನು ಹಾಕಿದಾಗ ಅತ್ತೆಯವರು ಕಿವಿಗೊಟ್ಟು ಕೂತಿದ್ದರು.

ಇದೇ ಮಾತಿಗೆ ಸೇರುವ ಇನ್ನೊಂದು ಸಂಗತಿ. ನಮ್ಮ ಕಡೆಯ ಕೌದಿ ಎಲ್ಲರಿಗೂ ಗೊತ್ತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಯ ನಾಲ್ಕು ಮೂಲೆಗೆ ಬಟ್ಟೆ ಮಡಿಸಿದ ಸಣ್ಣ 'ಫೂಲ' ಇಟ್ಟು ಹೊಲಿಯುತ್ತಾರೆ. ಅದಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಭಾವನೆ. ಜರಿ ತೆಗೆಸಿದರೆ ಒಳಗೆ 'ಅಸಲು' ಇದೆಯೆಂದ ವ್ಯಾಪಾರಿಗೆ ಆ ಹೆಂಗಸರು ಏನು ಹೇಳುತ್ತಿದ್ದರೊ!

ಇನ್ನು ಓದುಗರಿಗೆ ಉಪಯೋಗವಾಗುವ ಮಾತು. ನಿಮ್ಮ ಮನೆಯಲ್ಲಿ ಇಂಥ ಚಿತ್ರವಿದ್ದರೆ ನೀರಿನಿಂದ ಒರೆಸಬೇಡಿ. ಅಂಟು ನೆಂದರೆ ಬಟ್ಟೆಯ ಜೊತೆಗೆ ಕಾಗದವೂ ಎದ್ದು ಬರುತ್ತದೆ. ಕಪ್ಪಾದ ಜರಿಯನ್ನು ಪಾತ್ರೆಯಂತೆ ತಿಕ್ಕಬೇಡಿ. ಹಳೆಯ ಜರಿ ರೇಶ್ಮೆಯ ಎಳೆಗೆ ಸುತ್ತಿದ ಬೆಳ್ಳಿಯ ತಂತಿ, ಅದರ ಮೇಲೆ ಬಂಗಾರದ ನೀರು. ತಿಕ್ಕಿದರೆ ಬಂಗಾರ ಹೋಗುತ್ತದೆ. ಎದ್ದ ಚೂರಿಗೆ ಪಾರದರ್ಶಕ ಪ್ಲಾಸ್ಟಿಕ್ ಟೇಪು ಹಚ್ಚುವುದಂತೂ ಕೂಡದು, ವರ್ಷ ಕಳೆದಂತೆ ಅದರ ಅಂಟು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಮಳೆಯ ನೀರು ಇಳಿಯುವ ಹೊರಗೋಡೆಗೂ ಬಿಸಿಲು ಬೀಳುವ ಗೋಡೆಗೂ ತೂಗುಹಾಕಬೇಡಿ. ಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಪಟ್ಟಿ ಇಡಲು ಹೇಳಿ, ಹಿಂದೆ ಆಮ್ಲವಿಲ್ಲದ ರಟ್ಟು ಕೇಳಿ. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಹಳೆಯ ಕ್ಯಾಲೆಂಡರಿನ ರಟ್ಟೇ ಬರುತ್ತದೆ. ನಮ್ಮ ಚಿತ್ರದ ಹಿಂದೆ ಹಳೆಯ ಕನ್ನಡ ಪತ್ರಿಕೆಯ ಹಾಳೆ ಇತ್ತು, ಕಂದುಬಣ್ಣಕ್ಕೆ ತಿರುಗಿ ಹಪ್ಪಳದಂತಾಗಿತ್ತು. ಪತ್ರಿಕೆಯ ಕಾಗದದ ಗುಣವೇ ಅದು. ಪಿಕಾಸೊ ಅಂಟಿಸಿದ್ದೂ ಹಾಗೆಯೇ ಕಂದಾಗಿದೆಯಂತೆ. ಎಲ್ಲಕ್ಕಿಂತ ಮೊದಲು, ಯಾವ ತುಂಡು ಯಾರದೆಂದು ಬಲ್ಲವರನ್ನು ಕೇಳಿ ಒಂದು ಕಾಗದದ ಮೇಲೆ ಬರೆದಿಡಿ. ನಾವು ಬರೆದುಕೊಂಡೆವು, 23 ಸಾಲಾದವು. ಈ ಪತ್ರಿಕೆಯ ವಿಳಾಸಕ್ಕೆ ಇಂಥ ಚಿತ್ರಗಳ ವಿವರ ಬರೆದು ಕಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.

ಗಾಜಿನ ವಿಷಯದಲ್ಲಿ ಮನೆಯಲ್ಲಿ ಮತ್ತೊಂದು ಜಗಳ ಹುಟ್ಟಿತು. ಗಾಜಿಲ್ಲದೆ ಚಿತ್ರ ಉಳಿಯುವುದಿಲ್ಲವೆಂದು ಮಗಳು. ಗಾಜು ಹಾಕಿದರೆ ನನಗೆ ಅದು ಇಲ್ಲವೇ ಇಲ್ಲದ ಹಾಗೆ ಎಂದು ಅತ್ತೆಯವರು. ಇಬ್ಬರ ಮಾತೂ ನಿಜ. ಬೆರಳಿನ ಬೆವರು ಜರಿಗೆ ಕೆಟ್ಟದ್ದು; ಅಷ್ಟು ವರ್ಷ ಗಾಜಿನ ಹಿಂದಿದ್ದದ್ದು ಈಗಷ್ಟೆ ಅವರ ಕೈಗೆ ಸಿಕ್ಕಿದೆ ಎಂಬುದೂ ಸುಳ್ಳಲ್ಲ. ನಮ್ಮ ಯಜಮಾನರು ಎಂದಿನಂತೆ ಎರಡೂ ಕಡೆ ತಲೆಯಾಡಿಸಿದರು.

ಕಡೆಗೆ ಮಗಳು ತುಳಶಿಬಾಗಿಗೆ ಹೋಗಿ ಜರಿ, ಚಮಕಿ, ಮಣಿ ತಂದಳು. ಮೈದುನ ಗುಳೇದಗುಡ್ಡದ ಖಣ ಎಲ್ಲಿಂದಲೊ ಹುಡುಕಿ ತಂದುಕೊಟ್ಟ. ಪ್ಲೈವುಡ್ಡಿನ ಹಲಗೆಯ ಮೇಲೆ ಅದೇ ಅಳತೆಯಲ್ಲಿ ಇನ್ನೊಬ್ಬ ಲಕ್ಷ್ಮಿ ಏಳುತ್ತಿದ್ದಾಳೆ. ಮುಖ ಕೈಗಳನ್ನೂ ಕಾಣದ ಬೆರಳಿಗೆ ತಿಳಿಯಲೆಂದು ನಯವಾದ ತೊಗಲಿನಿಂದ ಮಾಡಬೇಕೆಂದಿದ್ದಳು. ದೇವರಿಗೆ ತೊಗಲು ಬೇಡವೆಂದು ಅತ್ತೆಯವರು ಗದರಿದ ಮೇಲೆ ರೇಶ್ಮೆಯಾಯಿತು. ಕೋಥರೂಡಿನ ಬಾಡಿಗೆಯ ಮನೆಯಲ್ಲಿ ಸಾಮಾನು ಇನ್ನೂ ಪೂರ್ತಿ ಬಿಚ್ಚಿಲ್ಲ. ಹಳೆಯ ಚಿತ್ರ ಹೊಸ ಗಾಜು ಹಾಕಿಸಿಕೊಂಡು, ಮೊಳೆಯ ಕರಾರಿನಿಂದಾಗಿ, ಕಪಾಟಿನ ಮೇಲೆ ಗೋಡೆಗೆ ಒರಗಿ ನಿಂತಿದೆ. ಅತ್ತೆಯವರು ಕಿಟಕಿಯ ಹತ್ತಿರ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮೊಮ್ಮಗಳ ಕೆಲಸದಲ್ಲಿ ತಪ್ಪು ಹುಡುಕುತ್ತಾರೆ. ನಿರಿಗೆ ಸಡಿಲಾಯಿತು, ಆನೆಯ ಕಿವಿ ಸಣ್ಣದಾಯಿತು, ಈಗಿನ ಜರಿಗೆ ತೂಕವೇ ಇಲ್ಲ.

ಆನೆಯ ನೆತ್ತಿಗೆ ಏನು ಹಚ್ಚಲೆಂದು ಮೊನ್ನೆ ಮಗಳು ಕೇಳಿದಳು. "ತಡೀ, ನೋಡೋಣಂತ," ಎಂದರು. ಅಷ್ಟು ಜಾಗ ಇನ್ನೂ ಹಾಗೆಯೇ ಇದೆ.